ಬಾಕಿ ಚಿಲ್ಲರೆ

ಮೂವತ್ತೊಂದು ವರ್ಷ ಚರ್ಮದ ಚೀಲ ತೂಗಿದ ಮೈ ಇದು.
ಪಟ್ಟಿ ತಿಂದ ಜಾಗದಲ್ಲಿ ಈಗಲೂ ಕೂದಲಿಲ್ಲ.
ಖುದ್ದೂಸ್ ಸಾಬರಿಗೆ ಎದ್ದದ್ದು ಹೆಚ್ಚುಕಮ್ಮಿ ಅಲ್ಲೇ:
ಬೆನ್ನಿಂದ ಹೊರಟು, ಪಕ್ಕೆ ಬಳಸಿ,
ಎದೆಯ ನಡುವೆ ಚೆಕ್‌ಪೋಸ್ಟ್ ಕಂಡ ಹಾಗೆ ನಿಂತಿತು.

ಅವರು ಸ್ಟೇರಿಂಗ್ ಹಿಡಿದವರು, ನಾನು ಸೀಟಿ ಊದಿದವನು.
ಹುಲಿಕಲ್ ಘಾಟಿಯಲ್ಲಿ ಬ್ರೇಕ್ ಕೈಕೊಟ್ಟ ದಿನವೂ
"ಏನಿಲ್ಲ, ಕೂತ್ಕೊಳ್ರಿ" ಅಂದ ಮನುಷ್ಯ
ಅಂಗಿಯ ಬಟ್ಟೆ ತಾಗಿದರೆ ಕೂಗುತ್ತಿದ್ದರು,
ಫ್ಯಾನಿನ ಗಾಳಿಗೆ ಬೇಡ ಬೇಡ ಅನ್ನುತ್ತಿದ್ದರು.
ಗುಳ್ಳೆ ಒಣಗಿ ಎಂಟು ತಿಂಗಳು. ನೋವು ಇನ್ನೂ ಇಳಿದಿಲ್ಲ.

ಸರ್ಪಸುತ್ತು.
ಅವ್ವನ ಕಾಲಕ್ಕೆ ಬಟ್ಟೆಮಲ್ಲಪ್ಪದ ಕಡೆ ಒಬ್ಬನಿದ್ದ.
ಕೆಮ್ಮಣ್ಣು ಕಲಸಿ, ತಲೆಗೂ ಬಾಲಕ್ಕೂ ನಡುವೆ ಗೆರೆ ಎಳೆದು
ಕೂಡಬೇಡ ಅಂತ ಹಾವಿಗೆ ಹೇಳುತ್ತಿದ್ದ.
ಎರಡೂ ಕೂಡಿದರೆ ಆಳು ಮುಗಿದ.

ಡಾಕ್ಟರಮ್ಮ ನಗಲಿಲ್ಲ. ಕೇಳಿಸಿಕೊಂಡು,
"ಚಿಕ್ಕವರಿದ್ದಾಗ ಅಮ್ಮ ಆಗಿತ್ತಾ?" ಅಂದರು.
ಆಗಿತ್ತು. ಏಳನೇ ವಯಸ್ಸು, ಬೇವಿನ ಸೊಪ್ಪಿನ ಹಾಸಿಗೆ.
"ಅದು ಹೋಗಿಲ್ಲ. ನರದ ಬುಡದಲ್ಲಿ ಮಲಗಿದೆ."

ಅಂದರೆ ಟಿಕೆಟ್ ಇಲ್ಲದವನೊಬ್ಬ
ಅರವತ್ತು ವರ್ಷದಿಂದ ಹಿಂದಿನ ಸೀಟಲ್ಲಿ
ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದಾನೆ.
ನಾನು, ಎಂಥ ಕಂಡಕ್ಟರು,
ತಲೆ ಎಣಿಸುತ್ತಲೇ ಬಂದಿದ್ದೇನೆ.

ಇಳಿಸಕ್ಕೆ ಆಗಲ್ವಾ ಅಂದೆ.
ಆಗಲ್ಲ. ಏಳದ ಹಾಗೆ ನೋಡಿಕೊಳ್ಳಬಹುದು, ಬಹುಪಾಲು.
ಆ ಬಹುಪಾಲು ನನಗೆ ಹಿಡಿಸಿತು.
ಪೂರ್ತಿ ಅಂದಿದ್ದರೆ ಎದ್ದು ಬರುತ್ತಿದ್ದೆ.

ಎರಡು ಸೂಜಿ, ನಡುವೆ ಕಡಿಮೆಯೆಂದರೂ ಎರಡು ತಿಂಗಳು.
ತೋಳು ನೋಯುತ್ತೆ, ಒಂದೆರಡು ದಿನ ಜ್ವರ ಬಂದೀತು.
ದುಡ್ಡನ್ನು ಮಾತ್ರ ಚೀಟಿಯಲ್ಲಿ ಬರೆದು ಮಡಚಿ ಕೊಟ್ಟರು,
ಬಾಯಲ್ಲಿ ಹೇಳಲು ನಾಚಿದ ಹಾಗೆ.

ಬಿ.ಎಚ್. ರಸ್ತೆಯ ಬದಿ ನಿಂತು ಬಿಚ್ಚಿದೆ.
ಒಬ್ಬರಿಗೆ ಇಷ್ಟು. ಚೌಡಮ್ಮನಿಗೂ ಅರವತ್ನಾಲ್ಕು,
ಅವಳ ಹಿಂದಿನ ಸೀಟಲ್ಲೂ ಯಾರೋ ಇದ್ದಾನು.
ನನ್ನ ಉಳಿತಾಯ ಕಡೇ ಟ್ರಿಪ್ಪಿನ ಕಲೆಕ್ಷನ್ನು,
ಎಷ್ಟು ಸಲ ಎಣಿಸಿದರೂ ಅಷ್ಟೇ.

ರಾತ್ರಿ ಮೀನಿನ ಮುಳ್ಳು ಬಿಡಿಸುತ್ತಾ ಅವಳು,
"ಬರದೇ ಇದ್ರೆ ದುಡ್ಡು ದಂಡ ಅಲ್ವಾ?"
"ಬಂದ್ರೆ?"
ಉತ್ತರವಿಲ್ಲ. ಸಾಬರ ಮನೆಗೆ ಗಂಜಿ ಒಯ್ದವಳು ಅವಳೇ.
ಆಮೇಲೆ ತಟ್ಟೆ ತೊಳೆಯುತ್ತಾ, ಈ ಕಡೆ ತಿರುಗದೆ:
"ನೀವು ಮೊದಲು. ನಿಮಗೆ ನೋವು ತಡೆಯಕ್ಕೆ ಬರಲ್ಲ."
ಮೂವರನ್ನು ಹೆತ್ತವಳ ಹತ್ತಿರ ಏನು ವಾದ.

ಆದರೂ ಹದಿನೈದು ದಿನ ಸುಮ್ಮನಿದ್ದೆ.
ತುಂಗೆಯ ಸೇತುವೆ ಮೇಲೆ ಬೆಳಗಿನ ನಡಿಗೆಯಲ್ಲಿ
ಪಕ್ಕೆ ಚುರ್ ಅಂದರೆ ಅಂಗಿ ಎತ್ತಿ ನೋಡುವುದು.
ಒಂದು ದಿನ ಇರುವೆ. ಒಂದು ದಿನ ಬೆವರುಸಾಲೆ.
ಹೆದರಿಕೆಗೂ ದಿನಬಾಡಿಗೆ ಇದೆ,
ಅದನ್ನು ಯಾರೂ ಚೀಟಿಯಲ್ಲಿ ಬರೆದುಕೊಡುವುದಿಲ್ಲ.

ಕೊನೆಗೆ ಖುದ್ದೂಸ್ ಸಾಬರನ್ನೇ ಕೇಳಿದೆ.
ಅಂಗಿಯನ್ನು ಮೈಯಿಂದ ದೂರ ಹಿಡಿದು ಕೂತಿದ್ದರು.
"ನಿನ್ನ ಸೀಟಿ ಕೇಳದೆ ನಾನು ಒಂದು ದಿನ ಗೇರ್ ಹಾಕಿದ್ನೇನೋ?
ರೈಟ್ ಅನ್ನೋನು ನೀನು. ನನ್ನ ಕೇಳ್ತೀಯಾ?"

ಬುಧವಾರ ಹೋದೆ.
ಫ್ರಿಜ್ಜಿನಿಂದ ತೆಗೆದ ಬಾಟಲಿ ಹೆಬ್ಬೆರಳಿನಷ್ಟು.
ನರ್ಸು ಹುಡುಗಿ ಕಾರ್ಡಿನ ಬೆನ್ನಿಗೆ ಬರೆದಳು:
ಎರಡನೇದು ಬಾಕಿ. ಕೆಳಗೆ ತಾರೀಖು.

ನಾನೂ ಹೀಗೇ ಬರೆಯುತ್ತಿದ್ದೆ, ಟಿಕೆಟ್ಟಿನ ಬೆನ್ನಿಗೆ,
ಎಂಟಾಣೆ ಬಾಕಿ, ಎರಡು ರೂಪಾಯಿ ಬಾಕಿ.
ಎಷ್ಟೋ ಜನ ಕೇಳದೆ ಇಳಿದುಹೋಗುತ್ತಿದ್ದರು.
ನಾನೂ ಎಷ್ಟೋ ಸಲ ಕರೆದು ಕೊಡಲಿಲ್ಲ.

ರಾತ್ರಿ ಮೈ ಬಿಸಿ, ತೋಳು ಕಲ್ಲು.
ಚೌಡಮ್ಮ ಕಾರ್ಡನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ
ಅಳತೆ ನೋಡಿ, ಪಕ್ಕದಲ್ಲಿ ಬೆರಳಿಟ್ಟು,
ಇಲ್ಲೊಂದು ಮೊಳೆ ಹೊಡೀರಿ ಅಂದಳು.
ನೋಯುವ ತೋಳಲ್ಲೇ ಹೊಡೆದೆ.